ಹಳೆ ಪಿಕಪ್ಪಿಗೆ ಹೊಸ ಹೀಟರ್ ಕೋರ್: ಮೂರು ಮಳೆಗಾಲ ಓಡಿಸಿದ ಮೇಲೆ

ನಮ್ಮ ಪಿಕಪ್ 2008ರ ಮಾಡೆಲ್. ಡೀಸೆಲ್ ಗಾಡಿ, ಎಸಿ ಇದೆ. ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಅಡಿಕೆ ಮೂಟೆ ಶಿವಮೊಗ್ಗ ಮಂಡಿಗೆ ಹೋಗುವುದು ಇದರಲ್ಲೇ, ಕೊಳೆ ರೋಗದ ಔಷಧಿಗೆ ಮೈಲುತುತ್ತ, ಸುಣ್ಣ ಬರುವುದೂ ಇದರಲ್ಲೇ. 2022ರ ಅಕ್ಟೋಬರ್‌ನಲ್ಲಿ ಇದಕ್ಕೆ ಹೊಸ ಹೀಟರ್ ಕೋರ್, ಅಂದರೆ ಕ್ಯಾಬಿನ್ನಿಗೆ ಬರುವ ಗಾಳಿಯನ್ನು ಬಿಸಿ ಮಾಡುವ ಭಾಗ, ಹಾಕಿಸಿದೆ. ಆಮೇಲೆ ಮೂರು ಮಳೆಗಾಲ ಕಳೆದಿದೆ, 41 ಸಾವಿರ ಕಿಲೋಮೀಟರ್ ಓಡಿದೆ. ಹಳೆ ಗಾಡಿ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಕಡೆ ಹೀಟರ್ ಯಾಕೆ ಬೇಕು ಅಂತ ಬಯಲುಸೀಮೆಯ ನೆಂಟರು ಕೇಳುತ್ತಾರೆ. ಚಳಿಗಲ್ಲ, ದಾರಿ ಕಾಣುವುದಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕ್ಯಾಬಿನ್ ಹತ್ತಿ ಕೂತರೆ ಎರಡೇ ನಿಮಿಷಕ್ಕೆ ಗ್ಲಾಸು ಪೂರ್ತಿ ಬೆಳ್ಳಗೆ. ಎಸಿ ಒಂದನ್ನೇ ಹಾಕಿದರೆ ಗ್ಲಾಸು ತಣ್ಣಗಾಗಿ ಹೊರಗಿನಿಂದ ಹಬೆ ಕಟ್ಟುತ್ತದೆ. ಎಸಿ ಮತ್ತು ಹೀಟರ್ ಎರಡೂ ಒಟ್ಟಿಗೆ ಬೇಕು. ಎಸಿ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಆ ಒಣ ಗಾಳಿಯನ್ನು ಬಿಸಿ ಮಾಡಿ ಗ್ಲಾಸಿಗೆ ಬಿಡುತ್ತದೆ. ಹೊರಗಿನ ಗಾಳಿ ಬರುವ ಹಾಗೆ ಇಟ್ಟುಕೊಂಡರೆ ಇನ್ನೂ ಬೇಗ ತಿಳಿಯಾಗುತ್ತದೆ.

ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡ್ ಒಳಗೆ ಕೂತಿರುವ ಪುಟ್ಟ ರೇಡಿಯೇಟರ್. ಮೆಕ್ಯಾನಿಕ್‌ಗಳು ಹೀಟರ್ ಕಾಯಿಲ್ ಅಂತಲೂ ಹೇಳುತ್ತಾರೆ. ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಇಂಜಿನ್ನಿನಲ್ಲಿ ಬಿಸಿಯಾಗಿ ಇದರೊಳಗೆ ಹರಿಯುತ್ತದೆ, ಬ್ಲೋವರ್ ಗಾಳಿ ಇದರ ಮೂಲಕ ಹಾಯ್ದು ಬರುತ್ತದೆ. ಅಷ್ಟೇ. ಆದರೆ ಅದು ಕೂತಿರುವ ಜಾಗ ಇದೆಯಲ್ಲ, ಅದೇ ಕಷ್ಟ.

ನಮ್ಮದು 2021ರ ಮಳೆಗಾಲದಲ್ಲಿ ಸೋರಲು ಶುರುವಾಯ್ತು. ಮೊದಲು ಬಂದದ್ದು ವಾಸನೆ. ಬೆಲ್ಲದ ಪಾಕ ಹದ ತಪ್ಪಿದಾಗ ಬರುತ್ತದಲ್ಲ, ಹೆಚ್ಚು ಕಡಿಮೆ ಆ ತರ. ಆಮೇಲೆ ಗ್ಲಾಸಿನ ಒಳಗೆ ಜಿಡ್ಡು, ಬಟ್ಟೆಯಲ್ಲಿ ಒರೆಸಿದರೆ ಹೋಗುವ ಬದಲು ಹರಡುತ್ತಿತ್ತು. ಎಡಗಡೆ ಸೀಟಿನ ಕೆಳಗೆ ಮ್ಯಾಟ್ ಒದ್ದೆ. ಮಳೆ ನೀರು ಅಂತ ಒಂದು ತಿಂಗಳು ಸುಮ್ನೆ ಬಿಟ್ಟಿದ್ದೆ. ಒಂದು ದಿನ ಬೆರಳಲ್ಲಿ ಮುಟ್ಟಿ ನೋಡಿದರೆ ಅಂಟಂಟು, ತೆಳು ಹಸಿರು ಬಣ್ಣ. ಮಳೆ ನೀರಾಗಲಿ ಎಸಿ ನೀರಾಗಲಿ ಅಂಟುವುದಿಲ್ಲ. ಹೀಗಾದರೆ ಅದು ಕೂಲೆಂಟೇ.

ಮೊದಲು ಸೋರಿಕೆ ನಿಲ್ಲಿಸುವ ಪುಡಿ ಹಾಕಿದೆ. ಹದಿನೈದು ದಿನ ನಿಂತಿತು. ಆಮೇಲೆ ಕೋರ್ ತೆಗೆಸಿ ಬೆಸುಗೆ ಹಾಕಿಸಿದೆ. ಹಳೆಯದು ತಾಮ್ರ, ಹಿತ್ತಾಳೆಯದ್ದಾಗಿದ್ದರಿಂದ ಬೆಸುಗೆ ಹಿಡಿಯಿತು, ಆದರೆ ಐದೇ ತಿಂಗಳಿಗೆ ಪಕ್ಕದಲ್ಲೇ ಇನ್ನೊಂದು ತೂತು. ಬೇಜಾರಾಗಿ ಎರಡು ಹೋಸ್ ಪೈಪುಗಳನ್ನು ಇಂಜಿನ್ ಕಡೆಯೇ ಒಂದಕ್ಕೊಂದು ಸೇರಿಸಿ, ಕೋರ್ ತಪ್ಪಿಸಿಬಿಟ್ಟೆ. ಹೀಗೆ ಮಾಡಿದರೆ ಇಂಜಿನ್ನಿಗೆ ಏನೂ ತೊಂದರೆ ಇಲ್ಲ. ತೊಂದರೆ ಓಡಿಸುವವನಿಗೆ.

2022ರ ಜುಲೈನಲ್ಲಿ ಅಮ್ಮನಿಗೆ ರಾತ್ರಿ ಉಸಿರಾಟದ ತೊಂದರೆಯಾಗಿ ಮಣಿಪಾಲಕ್ಕೆ ಹೊರಟೆವು. ಆಗುಂಬೆ ಘಾಟಿಯಲ್ಲಿ 14 ತಿರುವು. ಮಳೆ, ಮೇಲೆ ಮಂಜು, ಒಳಗೆ ಗ್ಲಾಸು ಹಾಲಿನ ಹಾಗೆ. ಕಿಟಕಿ ಇಳಿಸೋಣ ಅಂದರೆ ಅಮ್ಮನಿಗೆ ಥಂಡಿ. ಹೆಂಡತಿ ಒಂದು ಕೈಯಲ್ಲಿ ಅಮ್ಮನನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬೈರಾಸು ಹಿಡಿದು ನನ್ನ ಮುಂದಿನ ಗ್ಲಾಸು ಒರೆಸುತ್ತಲೇ ಇದ್ದಳು. ಒಂದು ತಿರುವಿನಲ್ಲಿ ಎದುರಿನ ಗಾಡಿಯ ಲೈಟು ಬಿದ್ದಾಗ ಏನೆಂದರೆ ಏನೂ ಕಾಣಲಿಲ್ಲ. ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಅಮ್ಮ ಹುಷಾರಾಗಿ ಬಂದರು. ಆದರೆ ಆ ರಾತ್ರಿಯೇ ಹೊಸ ಕೋರ್ ಹಾಕಿಸುವುದು ಅಂತ ಗಟ್ಟಿ ಮಾಡಿದೆ.

ಕೆಲಸ ಮಾಡಿಸಿದ್ದು ಶಿವಮೊಗ್ಗದಲ್ಲಿ, ಎರಡು ದಿನ ಹಿಡಿಯಿತು. ನಾನು ಜೊತೆಗೇ ಕೂತಿದ್ದೆ. ಸ್ಟೇರಿಂಗ್ ಇಳಿಸಿ, ಡ್ಯಾಶ್‌ಬೋರ್ಡ್ ಪೂರ್ತಿ ಹೊರಗೆ ತೆಗೆದರು. ವೈರುಗಳು ಕರುಳಿನ ಹಾಗೆ ಜೋತು ಬಿದ್ದಿದ್ದವು. "ಗೌಡ್ರೇ, ದುಡ್ಡು ಪಾರ್ಟ್‌ಗಲ್ಲ, ಬಿಚ್ಚೋದಕ್ಕೆ" ಅಂದರು ಮೆಕ್ಯಾನಿಕ್. ಲೆಕ್ಕ ನೋಡಿದರೆ ಹೌದು. ಕೋರ್ 3,200 ರೂಪಾಯಿ. ಹೋಸ್, ಕ್ಲಿಪ್, ಕೂಲೆಂಟ್ ಎಲ್ಲ ಸೇರಿ 2,400. ಎಸಿ ಬಾಕ್ಸೂ ಬಿಚ್ಚಬೇಕಾದ್ದರಿಂದ ಗ್ಯಾಸ್ ತುಂಬಿಸಲು 1,800. ಮಜೂರಿ 6,500. ಒಟ್ಟು 13,900.

ಹಳೆ ಕೋರ್ ಕೈಗೆ ಕೊಟ್ಟರು. ಸಂದಿ ಸಂದಿಯಲ್ಲಿ ಹಸಿರು ಬಿಳಿ ಪುಡಿ ಕಟ್ಟಿತ್ತು. ಬಾಯಿಯನ್ನು ನೆಲಕ್ಕೆ ಕುಟ್ಟಿದರೆ ಕಂದು ಕೆಸರು, ಅದರಲ್ಲಿ ನಾನು ಹಾಕಿದ್ದ ಪುಡಿಯ ಗಂಟುಗಳು. ನೋಡಿ ಹೊಟ್ಟೆ ಉರಿಯಿತು. ತಪ್ಪು ನನ್ನದೇ. ವರ್ಷಗಟ್ಟಲೆ ರೇಡಿಯೇಟರ್‌ಗೆ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಹೊಯ್ದಿದ್ದೆ. ಕುಡಿಯಲು ಅದರಷ್ಟು ರುಚಿ ನೀರು ಇನ್ನೊಂದಿಲ್ಲ, ಆದರೆ ತುಕ್ಕು ತಡೆಯುವ ಶಕ್ತಿ ಅದಕ್ಕಿಲ್ಲ. ಈಗ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೇರೆ ಏನೂ ಹಾಕುವುದಿಲ್ಲ. ಹಳೆ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಸಿಹಿ ಇರುವುದರಿಂದ ನಾಯಿ ನೆಕ್ಕುತ್ತದೆ, ಕಿಡ್ನಿ ಹೋಗಿ ಸಾಯುತ್ತದೆ. ದನಕ್ಕೂ ವಿಷವೇ.

ಹೊಸ ಕೋರ್ ಅಲ್ಯೂಮಿನಿಯಂದು, ಕಂಪನಿಯದ್ದಲ್ಲ, ಹೊರಗಿನ ಪಾರ್ಟ್. ಹಗುರ ಇದೆ, ತಗಡು ತೆಳು. ಸುತ್ತ ಹಾಕುವ ಸ್ಪಾಂಜ್ ಜೊತೆಗೆ ಬಂದಿರಲಿಲ್ಲ. ಬೇರೆ ತರಿಸಿ ಅಂಟಿಸಬೇಕಾಯ್ತು. ಅದನ್ನು ಬಿಟ್ಟು ಕೂರಿಸಲು ಬಿಡಬೇಡಿ, ಗಾಳಿ ಕೋರ್ ಒಳಗೆ ಹೋಗದೆ ಪಕ್ಕದಿಂದ ತಪ್ಪಿಸಿಕೊಳ್ಳುತ್ತದೆ, ಬಿಸಿ ಸಿಗುವುದಿಲ್ಲ.

ಮೊದಲ ವಾರ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು, ಗಾಳಿ ಒಮ್ಮೆ ಬಿಸಿ ಒಮ್ಮೆ ತಣ್ಣಗೆ. ಕೂಲೆಂಟ್ ಹರಿಯುವ ದಾರಿಯಲ್ಲಿ ಏರ್ ಹಿಡಿದಿತ್ತು. ನಮ್ಮ ಮನೆ ಮುಂದಿನ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಬಿಸಿಗಿಟ್ಟು, ಸ್ಟಾರ್ಟ್ ಮಾಡಿ ಬಿಟ್ಟೆ. ಇಂಜಿನ್ ಬಿಸಿಯಾಗಿ ಥರ್ಮೋಸ್ಟ್ಯಾಟ್ (ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆರೆಯುತ್ತಿದ್ದ ಹಾಗೆ ದೊಡ್ಡ ದೊಡ್ಡ ಗುಳ್ಳೆ ಬಂದವು, ಮಟ್ಟ ಇಳಿಯಿತು, ಕೂಲೆಂಟ್ ತುಂಬಿಸಿದೆ. ಸದ್ದು ನಿಂತಿತು. ಬಿಸಿಯಾದ ಮೇಲೆ ಮಾತ್ರ ಮುಚ್ಚಳಕ್ಕೆ ಕೈ ಹಾಕಲೇಬಾರದು, ಮುಖಕ್ಕೆ ಹಾರುತ್ತದೆ.

ಆಮೇಲೆ ಆದದ್ದು ಎರಡು ಸಣ್ಣ ಕಿರಿಕಿರಿ. ಆರು ತಿಂಗಳಿಗೆ ಒಂದು ಸ್ಕ್ರೂ ಕ್ಲಿಪ್ ಸಡಿಲವಾಗಿ ಇಂಜಿನ್ ಕಡೆ ಜಿನುಗಿತು, ಬಿಗಿ ಮಾಡಿದ ಮೇಲೆ ಸರಿ. ಬಿಸಿ ತಣ್ಣಗೆ ಮಾಡುವ ಕೇಬಲ್ ಸರಿಯಾಗಿ ಕೂರಿಸಿರಲಿಲ್ಲ, ಬೇಸಿಗೆಯಲ್ಲೂ ಕಾಲಿಗೆ ಬಿಸಿ ಗಾಳಿ ಬರುತ್ತಿತ್ತು. ಮೆಕ್ಯಾನಿಕ್ಕೇ ದುಡ್ಡು ತಗೊಳ್ಳದೆ ಸರಿ ಮಾಡಿಕೊಟ್ಟರು. ಕಚ್ಚಾ ರಸ್ತೆಯಲ್ಲಿ ಡ್ಯಾಶ್‌ಬೋರ್ಡ್ ಈಗಲೂ ಕಿರಕಿರ ಅನ್ನುತ್ತದೆ. ಬಿಚ್ಚಿ ಸೇರಿಸಿದ ಹಳೆ ಪ್ಲಾಸ್ಟಿಕ್ ಅಲ್ವಾ, ಅದು ಹೋಗುವುದಿಲ್ಲ.

ಆದರೆ ಕೂಲೆಂಟ್ ಮಟ್ಟ ಮೂರು ವರ್ಷದಿಂದ ಗೆರೆಯಿಂದ ಕೆಳಗಿಳಿದಿಲ್ಲ. ಮ್ಯಾಟ್ ಒಣಗಿದೆ. ಸ್ಟಾರ್ಟ್ ಮಾಡಿ ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಬಿಸಿ ಗಾಳಿ ಬರುತ್ತದೆ, ಗ್ಲಾಸು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಹೋಗುತ್ತದೆ. ಈ ಸಲ ಆಶ್ಲೇಷ ಮಳೆಯಲ್ಲಿ ಅಮ್ಮನನ್ನು ತಪಾಸಣೆಗೆ ಅದೇ ಘಾಟಿಯಲ್ಲಿ ಇಳಿಸಿಕೊಂಡು ಹೋದೆ. ಬೈರಾಸು ಅವರ ಹೆಗಲ ಮೇಲೇ ಇತ್ತು. ಅರ್ಧ ದಾರಿಗೆ ಸೆಕೆ ಆಗ್ತಿದೆ, ಸ್ವಲ್ಪ ಕಮ್ಮಿ ಮಾಡೋ ಅಂದರು.