ಮಳೆಗಾಲದಲ್ಲಿ ಕರಾಟೆ ಡ್ರೆಸ್ಸನ್ನು ‘ಕಡಕ್ ಇಸ್ತ್ರಿ’ಗೆ ಕೊಡಬೇಡಿ

ಮುಂಬೈ, ಠಾಣೆ, ಡೊಂಬಿವಲಿ ಕಡೆ ಕರಾಟೆ ಕಲಿಯುತ್ತಿರುವವರು, ಮಕ್ಕಳನ್ನು ಕ್ಲಾಸಿಗೆ ಕಳಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ನನ್ನ 11,000 ರೂಪಾಯಿ ನೀರಿಗೆ ಹೋಯಿತು. ಅದೂ ಬಿಸಿನೀರಿಗೆ.

ನನಗೆ 42 ವರ್ಷ. ಮಗಳನ್ನು ಕ್ಲಾಸಿಗೆ ಬಿಡಲು ಹೋಗಿ ಹೋಗಿ ನಾನೂ ಸೇರಿಕೊಂಡವನು. ನಾಲ್ಕು ವರ್ಷ ಕ್ಲಾಸಿನಲ್ಲಿ ಕೊಟ್ಟ ತೆಳು ಡ್ರೆಸ್ಸಿನಲ್ಲೇ ಕಳೆದೆ. ಬ್ರೌನ್ ಬೆಲ್ಟ್ (ಬ್ಲ್ಯಾಕ್ ಬೆಲ್ಟಿಗೆ ಮುಂಚಿನ ಹಂತ) ಪರೀಕ್ಷೆ ಹತ್ತಿರ ಬಂದಾಗ ದಪ್ಪ ಕ್ಯಾನ್ವಾಸಿನದ್ದೊಂದು ಬೇಕು ಅಂತ ಆಸೆಯಾಯಿತು, ಆ 11,000 ಕೊಟ್ಟು ತೆಗೆದುಕೊಂಡೆ. ಸೀನಿಯರ್‌ಗಳು ಪಂಚ್ ಹೊಡೆದಾಗ ತೋಳು ‘ಫಟ್’ ಅನ್ನುತ್ತದಲ್ಲ, ಆ ಸದ್ದಿನ ಹುಚ್ಚು. ಸುಳ್ಳು ಯಾಕೆ ಹೇಳಲಿ.

ಈ ಬಟ್ಟೆಯ ದಪ್ಪವನ್ನು ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಚದರ ಗಜದ ತೂಕ ಅದು. ಹೊಸಬರದ್ದು 7-8 ಔನ್ಸ್ ಇರುತ್ತದೆ. ನನ್ನದು 14. ಅಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ, ಪೂರ್ತಿ ಹತ್ತಿ. ಒದ್ದೆಯಾದರೆ ಬಕೆಟ್ಟಿನಿಂದ ಎತ್ತುವುದೇ ಒಂದು ವ್ಯಾಯಾಮ. ಜುಲೈ ತಿಂಗಳಲ್ಲಿ ಇಂಥದ್ದು ನಮ್ಮ ಡೊಂಬಿವಲಿ ಫ್ಲಾಟಿನ ಬಾಲ್ಕನಿಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಮೂರನೇ ದಿನ ಮುಗ್ಗಲು ವಾಸನೆ ಶುರು. ಅದಕ್ಕೇ ಪರೀಕ್ಷೆಗೆ ನಾಲ್ಕು ದಿನ ಮುಂಚೆ ಹತ್ತಿರದ ಒಂದು ಲಾಂಡ್ರಿಗೆ ಕೊಟ್ಟೆ. ಅವರ ಹತ್ತಿರ ಡ್ರೈಯರ್ ಇತ್ತು. ಕೊಡುವಾಗ ನಾನು ಹೇಳಿದ್ದು ಎರಡೇ ಮಾತು: ಏಕ್‌ದಂ ಸಫೇದ್, ಕಡಕ್ ಇಸ್ತ್ರಿ. ಅಂದರೆ ಅಚ್ಚ ಬಿಳಿ, ಗರಿಗರಿ ಇಸ್ತ್ರಿ.

ಅವನು ಅದನ್ನೇ ಮಾಡಿದ. ತೊಂದರೆ ಆದದ್ದೇ ಅಲ್ಲಿ.

ಮನೆಗೆ ತಂದು ಕವರ್ ಬಿಚ್ಚಿದರೆ ಹಪ್ಪಳದ ಹಾಗೆ ಸೆಟೆದು ನಿಂತಿದೆ. ಊರಿಂದ ಬಂದಿದ್ದ ಅಮ್ಮ ಮೂಸಿ ನೋಡಿ, “ಎಂತ ಮಾರಾಯ ಇದು? ಗಂಜಿ ಹಾಕಿದ್ದಾನೆ. ಪಂಚೆ ಅಂತ ತಿಳ್ಕೊಂಡನಾ?” ಅಂದರು. ಹಾಕಿಕೊಂಡು ನೋಡಿದೆ. ತೋಳು ಒಂದೂವರೆ ಇಂಚು ಮೇಲೆ. ಪ್ಯಾಂಟು ಎರಡು ಇಂಚು ಮೇಲೆ, ತೊಡೆಯಲ್ಲಿ ಬಿಗಿ. ಕಂಕುಳು ಮತ್ತು ಕಾಲರಿನ ಹತ್ತಿರ ಹಳದಿ ಕಲೆ, ಮುಂಚೆ ಇರಲಿಲ್ಲ. ಎದೆಯ ಮೇಲಿನ ಬ್ಯಾಡ್ಜ್ ಒಂದು ಮೂಲೆಯಲ್ಲಿ ಕರಗಿ ಮುದುಡಿತ್ತು.

ಏನಾಗಿದೆ ಅಂತ ಆಮೇಲೆ ಒಂದೊಂದಾಗಿ ಅರ್ಥವಾಯಿತು. ಹತ್ತಿ ಬಿಸಿನೀರು ಮತ್ತು ಡ್ರೈಯರ್ ಶಾಖಕ್ಕೆ ಕುಗ್ಗುತ್ತದೆ, ದಪ್ಪ ಕ್ಯಾನ್ವಾಸು ಒಮ್ಮೆ ಕುಗ್ಗಿದರೆ ಪೂರ್ತಿ ವಾಪಸ್ ಬರುವುದಿಲ್ಲ. ಬಿಳಿ ಆಗಲಿ ಅಂತ ಹಾಕಿದ ಕ್ಲೋರಿನ್ ಬ್ಲೀಚ್ ಬೆವರು ಕೂತ ಜಾಗವನ್ನೇ ಹಳದಿ ಮಾಡುತ್ತದೆ. ಬ್ಲೀಚ್ ಸರಿಯಾಗಿ ತೊಳೆದು ಹೋಗದೆ ಉಳಿದು, ಅದರ ಮೇಲೆ ಬಿಸಿ ಇಸ್ತ್ರಿ ಬಿದ್ದರೆ ಇನ್ನೂ ಜಾಸ್ತಿ. ನೂಲಿನ ಶಕ್ತಿಯೂ ಕಡಿಮೆಯಾಗುತ್ತದೆ. ಬ್ಯಾಡ್ಜ್ ಪಾಲಿಯೆಸ್ಟರ್, ಹತ್ತಿಯ ಶಾಖಕ್ಕೆ ಇಟ್ಟ ಇಸ್ತ್ರಿಪೆಟ್ಟಿಗೆ ತಾಗಿದರೆ ಕರಗದೆ ಏನು ಮಾಡೀತು?

ಗಂಜಿಯ ಕಥೆ ಪರೀಕ್ಷೆಯ ದಿನ ಗೊತ್ತಾಯಿತು. ಬೇರೆ ಡ್ರೆಸ್ ತರಿಸಲು ಸಮಯ ಇರಲಿಲ್ಲ, ಹಳೆಯದನ್ನು ದೊಡ್ಡಸ್ತಿಕೆಯಿಂದ ಯಾರಿಗೋ ಕೊಟ್ಟುಬಿಟ್ಟಿದ್ದೆ. ಇದನ್ನೇ ಹಾಕಿಕೊಂಡು ಹೋದೆ. ಠಾಣೆಯ ಒಂದು ಹಾಲ್, ಫ್ಯಾನು ಎಲ್ಲೋ ಮೇಲೆ ತಿರುಗುತ್ತಿದೆ, ಹೊರಗೆ ಮಳೆ, ಒಳಗೆ ಸೆಕೆ. ಅರ್ಧ ಗಂಟೆಯಲ್ಲಿ ಕಾಲರ್ ಕತ್ತನ್ನು ಉಜ್ಜಿ ಉಜ್ಜಿ ಕೆಂಪು ಮಾಡಿತು. ಒಂದು ಗಂಟೆಯಲ್ಲಿ ಬೆವರಿಗೆ ಗಂಜಿ ನೆನೆದು ಮೈಗೆಲ್ಲ ಅಂಟು, ಅನ್ನದ ತಿಳಿಯ ವಾಸನೆ. ‘ಫಟ್’ ಸದ್ದು? ಅದೂ ಇಲ್ಲ, ಒದ್ದೆ ಗೋಣಿಚೀಲ ಒಗೆದ ಹಾಗೆ ‘ಧಪ್’. ಪಾಸಾದೆ ಬಿಡಿ. ಆದರೆ ಸ್ಪರ್ಧೆಗೆ ಹೋಗುವವರು ನೆನಪಿಡಿ, ವಿಶ್ವ ಕರಾಟೆ ಫೆಡರೇಷನ್ ನಿಯಮದಲ್ಲಿ ಪ್ಯಾಂಟು ಮೊಣಕಾಲಿನಿಂದ ಪಾದದ ಗಂಟಿನವರೆಗಿನ ಕಾಲಿನ ಮೂರರಲ್ಲಿ ಎರಡು ಪಾಲಾದರೂ ಮುಚ್ಚಬೇಕು, ತೋಳು ಮೊಣಕೈಯಿಂದ ಮಣಿಕಟ್ಟಿನವರೆಗಿನ ಅರ್ಧಕ್ಕಿಂತ ಗಿಡ್ಡ ಇರಬಾರದು. ನನ್ನ ಪ್ಯಾಂಟು ಇನ್ನೊಂದು ಸಲ ಆ ಡ್ರೈಯರ್‌ಗೆ ಹೋಗಿದ್ದರೆ ಗಡಿ ದಾಟುತ್ತಿತ್ತು.

ಲಾಂಡ್ರಿಯವನ ಹತ್ತಿರ ಜಗಳಕ್ಕೆ ಹೋದೆ. ಅವನು ರಸೀದಿಯ ಹಿಂದಿನ ಸಣ್ಣ ಅಕ್ಷರ ತೋರಿಸಿದ, ಬಟ್ಟೆ ಕುಗ್ಗಿದರೆ, ಬಣ್ಣ ಹೋದರೆ ಅಂಗಡಿ ಜವಾಬ್ದಾರಿ ಅಲ್ಲ ಅಂತ. ಆಮೇಲೆ “ಕಡಕ್ ಅಂತ ಆಪ್‌ನೇ ಬೋಲಾ ಥಾ” ಅಂದ. ಹೇಳಿದ್ದು ನಾನೇ, ಉತ್ತರ ಇರಲಿಲ್ಲ. ಇಸ್ತ್ರಿ ದುಡ್ಡು 120 ರೂಪಾಯಿ ವಾಪಸ್ ಕೊಟ್ಟ, ಅಷ್ಟೆ.

ಈಗ ನಾನು ಮಾಡುವುದು ಹೀಗೆ. ತಣ್ಣೀರು, ಒಳಮಗ್ಗುಲು ಹೊರಗೆ. ಪ್ಯಾಂಟಿನ ಲಾಡಿಗೆ ಗಂಟು ಹಾಕಿಯೇ ಮಷಿನ್ನಿಗೆ, ಇಲ್ಲದಿದ್ದರೆ ಲಾಡಿ ಒಳಗೆ ಹೋಗಿ ನೀವು ಪಿನ್ನು ಹಿಡಿದು ಸಂಜೆಯೆಲ್ಲ ಹುಡುಕುತ್ತೀರಿ. ಬಣ್ಣದ ಬೆಲ್ಟನ್ನು ಜೊತೆಗೆ ಹಾಕಬೇಡಿ, ಬಣ್ಣ ಬಿಡುತ್ತದೆ. ರಕ್ತ ತಾಗಿದ್ದರೆ ಕೂಡಲೇ ತಣ್ಣೀರು, ಬಿಸಿನೀರು ಬಿದ್ದರೆ ಕಲೆ ಕೂತೇಬಿಡುತ್ತದೆ. ಬಿಳಿ ಬೇಕೇ ಬೇಕು ಅಂದರೆ ಕ್ಲೋರಿನ್ ಇಲ್ಲದ ಆಕ್ಸಿಜನ್ ಬ್ಲೀಚ್ ಸಿಗುತ್ತದೆ. ಕ್ಲಾಸಿನಿಂದ ಬಂದ ತಕ್ಷಣ ಬ್ಯಾಗಿನಿಂದ ತೆಗೆಯಿರಿ, ಲೋಕಲ್ ಟ್ರೈನಿನಲ್ಲಿ ಬಂದು ಸುಸ್ತಾಗಿದೆ ಅಂತ ಹಾಗೇ ಬಿಡುತ್ತಾ ಹೋದರೆ ಬೂಷ್ಟಿನ ಕಪ್ಪು ಚುಕ್ಕಿ ಬರುತ್ತದೆ. ಗಂಜಿ ಹಾಕಿದ ಬಟ್ಟೆಗೆ ಬೂಷ್ಟು ಇನ್ನೂ ಬೇಗ ಹಿಡಿಯುತ್ತದೆ. ಗಂಜಿ ಅಂದರೆ ಅದಕ್ಕೆ ಊಟವೇ ಅಲ್ವಾ.

ಒಣಗಿಸಲು ಜೋರಾಗಿ ಕೊಡವಿ, ಎರಡು ತೋಳಿನೊಳಗೆ ಬಿದಿರು ಕೋಲು ತೂರಿಸಿ ಫ್ಯಾನಿನ ಕೆಳಗೆ ತೂಗುಹಾಕುತ್ತೇನೆ. ಪೂರ್ತಿ ಒಣಗಲು ಬಿಡುವುದಿಲ್ಲ. ಇಸ್ತ್ರಿ ಗುಟ್ಟು ಇಲ್ಲೇ ಇರುವುದು. ದಪ್ಪ ಕ್ಯಾನ್ವಾಸು ಒಣಗಿದ ಮೇಲೆ ಎಷ್ಟು ಉಜ್ಜಿದರೂ ಸುಕ್ಕು ಹೋಗುವುದಿಲ್ಲ. ಮುಟ್ಟಿದರೆ ತೇವ ತೇವ ಅನ್ನಿಸುವಾಗಲೇ ಹತ್ತಿಯ ಶಾಖಕ್ಕೆ ಇಟ್ಟು, ಮೊದಲು ಹೊಲಿಗೆ ಮತ್ತು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಕಸೂತಿ ಇದ್ದರೆ ಹಿಂದಿನಿಂದ, ಮೇಲೊಂದು ಹಳೆ ಪಂಚೆಯ ತುಂಡು ಹಾಸಿ. ಬ್ಯಾಡ್ಜಿನ ಹತ್ತಿರ ಹೋಗಲೇಬೇಡಿ. ಪಕ್ಕದ ಕಸೆಗಳನ್ನು ಎಳೆದು ನೇರ ಮಾಡಿ. ಇಸ್ತ್ರಿ ಆದ ಕೂಡಲೇ ಮಡಚದೆ ಒಂದೆರಡು ಗಂಟೆ ತೂಗುಹಾಕಿದರೆ ಒಳಗಿನ ತೇವ ಹೋಗುತ್ತದೆ. ಗಂಜಿ ಇಲ್ಲದೆಯೇ ಸಾಕಷ್ಟು ಗಟ್ಟಿ ನಿಲ್ಲುತ್ತದೆ, 14 ಔನ್ಸ್ ಅಲ್ವಾ.

ನನ್ನದನ್ನು ಮೂರು ಸಲ ನೀರಲ್ಲಿ ನೆನೆಸಿ ಗಂಜಿ ಬಿಡಿಸಿದೆ, ತೇವ ಇರುವಾಗ ಹೆಂಡತಿ ಒಂದು ಕಡೆ, ನಾನೊಂದು ಕಡೆ ಹಿಡಿದು ಎಳೆದು ಇಸ್ತ್ರಿ ಮಾಡಿದೆವು. ತೋಳಿನಲ್ಲಿ ಅರ್ಧ ಇಂಚು ವಾಪಸ್ ಬಂತು. ಹಳದಿ ಹೋಗಲಿಲ್ಲ. ಹೊಸದು ತೆಗೆದುಕೊಳ್ಳುವಾಗ ಕುಗ್ಗುವ ಲೆಕ್ಕ ಹಿಡಿದು ಒಂದು ಸೈಜು ದೊಡ್ಡದೇ ತೆಗೆದುಕೊಳ್ಳುತ್ತೇನೆ. ಅದೂ ಈಗಲ್ಲ, ಮಳೆಗಾಲ ಮುಗಿಯಲಿ.