ಏರ್-ಕೂಲ್ಡ್ ಟ್ರ್ಯಾಕ್ಟರ್: ಯಾವ ಸಿಲಿಂಡರ್ ಕಾಯುತ್ತಿದೆ ಎಂದು ಹುಡುಕಲು ಗನ್ನೋ, ವೈರೋ?

ಎರಡು ಸಿಲಿಂಡರಿನ ಏರ್-ಕೂಲ್ಡ್, ಅಂದರೆ ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಇಂಜಿನಿನಲ್ಲಿ ಒಂದು ಸಿಲಿಂಡರ್ ಮಾತ್ರ ಹೆಚ್ಚು ಕಾಯುತ್ತಿದೆ ಎಂಬ ಅನುಮಾನ ಬಂದರೆ ವೈರಿನ ತುದಿಯನ್ನು ಲೋಹಕ್ಕೇ ತಾಗಿಸಿ ಬಿಸಿ ಅಳೆಯುವ ಥರ್ಮೊಕಪಲ್ ಮೀಟರನ್ನೇ ತೆಗೆದುಕೊಳ್ಳಿ. ಲೇಸರ್ ಚುಕ್ಕೆ ಬಿಟ್ಟು, ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ನಮ್ಮ ಮನೆಯಲ್ಲಿ ಮೊದಲಿಂದಲೂ ಇದೆ. ಸರಿಯಾಗಿದ್ದ ನೋಝಲ್ (ಸಿಲಿಂಡರಿನೊಳಗೆ ಡೀಸೆಲ್ ಸ್ಪ್ರೇ ಮಾಡುವ ಭಾಗ) ಒಂದು ಟೆಸ್ಟಿಂಗಿಗೆಂದು ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಬಂದದ್ದು ಆ ಗನ್ ತೋರಿಸಿದ ಅಂಕಿಯಿಂದಲೇ.

ನಮ್ಮದು ಹಳೆಯ ಡೀಸೆಲ್ ಗಾಡಿ. ಸಪಾಟು ಜಾಗದಲ್ಲಿ ಏನೂ ತಕರಾರಿಲ್ಲ. ತೋಟದಿಂದ ಅಡಿಕೆ ಗೊನೆ ಹೇರಿಕೊಂಡು ಮನೆ ಕಡೆ ಏರು ಹತ್ತುವಾಗ ಮಾತ್ರ ದಮ್ಮು ಕಟ್ಟಿ, ಆಯಿಲ್ ಸುಟ್ಟ ವಾಸನೆ ಬರುತ್ತಿತ್ತು. ಹತ್ತಿದ ಕೂಡಲೇ ಗಾಡಿ ನಿಲ್ಲಿಸಿ ಗನ್ ಹಿಡಿದರೆ ಮುಂದಿನ ಸಿಲಿಂಡರಿನ ಮೇಲ್ಮುಚ್ಚಳದಲ್ಲಿ, ಅಂದರೆ ಹೆಡ್ಡಿನಲ್ಲಿ 150 ಡಿಗ್ರಿ, ಹಿಂದಿನದರಲ್ಲಿ 90 ಕೂಡ ಇಲ್ಲ. ಮೆಕ್ಯಾನಿಕ್ ಅಂಕಿ ನೋಡಿದವರೇ, "ಭಟ್ರೇ, ಮುಂದಿನ ನೋಝಲ್ ಸೋರ್ತಾ ಇದೆ, ಬಿಚ್ಚೋದೇ" ಅಂದರು. ಟೆಸ್ಟಿಂಗಿನಲ್ಲಿ ನೋಝಲ್ ಚೆನ್ನಾಗಿಯೇ ಸ್ಪ್ರೇ ಮಾಡಿತು. ಮರಳಿ ಕೂರಿಸಿದ ಮೇಲೂ ಏರಿನಲ್ಲಿ ಅದೇ ವಾಸನೆ.

ತೊಂದರೆ ಇದ್ದದ್ದು ಹೆಡ್ಡಿನ ಬಣ್ಣದಲ್ಲಿ. ಗನ್ ಅಳೆಯುವುದು ಲೋಹದ ಬಿಸಿಯನ್ನಲ್ಲ, ಲೋಹ ಹೊರಸೂಸುವ ಅವಗೆಂಪು ಕಿರಣವನ್ನು. ಅದನ್ನು ಡಿಗ್ರಿಗೆ ತಿರುಗಿಸುವಾಗ, ಎದುರಿನ ಮೈ ಎಷ್ಟು ಚೆನ್ನಾಗಿ ಕಿರಣ ಬಿಡುತ್ತದೆ ಎಂಬ ಒಂದು ಗುಣಾಂಕವನ್ನು ಮೊದಲೇ ಹಿಡಿದುಕೊಂಡಿರುತ್ತದೆ. ಅಗ್ಗದ ಗನ್ನುಗಳಲ್ಲಿ ಅದು 0.95ಕ್ಕೆ ಖಾಯಂ, ಬದಲಿಸಲು ಬಟನ್ನೇ ಇರುವುದಿಲ್ಲ. ಮಸಿ, ಆಯಿಲ್ ಮೆತ್ತಿದ ಹೆಡ್ಡಿಗೆ ಆ ಅಂಕಿ ಹೆಚ್ಚುಕಡಿಮೆ ಹೊಂದುತ್ತದೆ. ಬೋಳು ಅಲ್ಯೂಮಿನಿಯಮ್ಮಿಗೆ 0.1ರಿಂದ 0.3ರ ಒಳಗೇ. ನಮ್ಮ ಗಾಡಿಯ ಹಿಂದಿನ ಹೆಡ್ಡು ಹೊಸತಾಗಿ ಹಾಕಿಸಿದ್ದು, ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. 180 ಡಿಗ್ರಿ ಕಾದರೂ ಗನ್ ಅದನ್ನು ತಣ್ಣಗಿದೆ ಎಂದೇ ತೋರಿಸುತ್ತದೆ. ಒಂದೇ ಇಂಜಿನಿನಲ್ಲಿ ಒಂದು ಹೆಡ್ಡು ಕಪ್ಪು, ಒಂದು ಬಿಳಿ ಇದ್ದರೆ ಗನ್ನಿನ ಹೋಲಿಕೆಗೆ ಅರ್ಥವೇ ಇಲ್ಲ.

ಇದಕ್ಕೊಂದು ಪರಿಹಾರ ಇದೆ. ಬೈಕಿನ ಸೈಲೆನ್ಸರಿಗೆ ಹೊಡೆಯುವ, ಹೊಳಪಿಲ್ಲದ ಕಪ್ಪು ಹೀಟ್ ಪೇಂಟನ್ನು ಎರಡೂ ಹೆಡ್ಡಿನ ಒಂದೇ ಜಾಗಕ್ಕೆ ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿ ಹಚ್ಚಿ, ಅಲ್ಲಿಗೇ ಗನ್ ಹಿಡಿಯಬೇಕು. ಹತ್ತಿರದಿಂದಲೇ ಹಿಡಿಯಿರಿ: ಗನ್ನಿನ ಮೇಲೆ ಬರೆದಿರುವ 12:1 ಅಂದರೆ ಒಂದಡಿ ದೂರಕ್ಕೆ ಒಂದಿಂಚಿನ ವೃತ್ತವನ್ನೇ ಅದು ಅಳೆಯುವುದು, ಲೇಸರ್ ಚುಕ್ಕೆಯಷ್ಟನ್ನಲ್ಲ. ಆದರೂ ಏರು ಹತ್ತುತ್ತಿರುವಾಗ ತಗಡಿನ ಕವರಿನ ಒಳಗೆ ಗನ್ ಹಿಡಿಯುವುದು ಹೇಗೆ?

ಥರ್ಮೊಕಪಲ್ ಗೆದ್ದದ್ದು ಇಲ್ಲಿಯೇ. ಅದಕ್ಕೆ ಬಣ್ಣದ ಹಂಗಿಲ್ಲ. ಕೆ-ಟೈಪ್ (ಥರ್ಮೊಕಪಲ್ಲಿನ ಒಂದು ಮಾಮೂಲಿ ಜಾತಿ), ಎರಡು ಪ್ರೋಬ್ ಒಟ್ಟಿಗೆ ಜೋಡಿಸಬಹುದಾದ ಎರಡು ಚಾನೆಲ್ಲಿನ ಮೀಟರ್ ತರಿಸಿದೆ. ವಾಷರಿನಂಥ ಬಳೆ ಇರುವ ಪ್ರೋಬುಗಳನ್ನು ಎರಡೂ ಹೆಡ್ಡಿನಲ್ಲಿ ತಗಡಿನ ಕವರ್ ಹಿಡಿದಿರುವ ಸಣ್ಣ ಬೋಲ್ಟಿನ ಕೆಳಗೆ, ಒಂದೇ ಜಾಗದಲ್ಲಿ ಕೂರಿಸಿದೆ. ಹೆಡ್ಡಿನ ಮುಖ್ಯ ನಟ್ಟಿನ ಕೆಳಗೆ ಹಾಕಲೇಬೇಡಿ, ಟೈಟ್ ಕೆಡುತ್ತದೆ. ಪೆಟ್ರೋಲ್ ಇಂಜಿನಾದರೆ ಸ್ಪಾರ್ಕ್ ಪ್ಲಗ್ಗಿನ ವಾಷರಿನ ಜಾಗವೇ ಸರಿ. ಮೀಟರನ್ನು ಸ್ಟೇರಿಂಗ್ ಪಕ್ಕ ಕಟ್ಟಿಕೊಂಡು ಲೋಡ್ ಹತ್ತಿಸಿದೆ. T1−T2 ಒತ್ತಿದರೆ ವ್ಯತ್ಯಾಸವೇ ಕಾಣುತ್ತದೆ. ತೋಟದ ತಳದಲ್ಲಿ ಹತ್ತರ ಆಸುಪಾಸು ಇದ್ದದ್ದು ಏರಿನ ತುದಿಗೆ 45 ಆಯಿತು. ಕಾಯುತ್ತಿದ್ದದ್ದು ಹಿಂದಿನ ಸಿಲಿಂಡರ್! ಗನ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ.

ಕವರ್ ಬಿಚ್ಚಿದರೆ ಹಿಂದಿನ ಸಿಲಿಂಡರಿನ ಫಿನ್ನುಗಳ (ಗಾಳಿಗೆ ಬಿಸಿ ಬಿಡುವ ತೆಳು ರೆಕ್ಕೆಗಳ) ನಡುವೆ ಕುಂಬಾರ ಹುಳುವಿನ ಮಣ್ಣಿನ ಗೂಡು, ಅದರ ಸುತ್ತ ಆಯಿಲಿನಲ್ಲಿ ಮೆತ್ತಿಕೊಂಡ ಕೆಂಪು ಧೂಳು, ದರಕಿನ ಪುಡಿ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಗಾಡಿಗಳಲ್ಲಿ ಇದನ್ನು ಮೊದಲು ನೋಡಬೇಕು. ಡೀಸೆಲಿನಲ್ಲಿ ನೆನೆಸಿ, ಅಡಿಕೆ ದಬ್ಬೆಯ ಸಿಬಿರಿನಿಂದ ಒಂದೊಂದೇ ಸಂದು ಕೆರೆದು, ಗಾಳಿ ಹೊಡೆಸಿದ ಮೇಲೆ ಅದೇ ಏರಿನಲ್ಲಿ ವ್ಯತ್ಯಾಸ 15ಕ್ಕೆ ಇಳಿಯಿತು. ಗಾಳಿ ಬೀಸುವ ಬ್ಲೋವರಿನಿಂದ ದೂರ ಇರುವ ಸಿಲಿಂಡರ್ ಸ್ವಲ್ಪ ಹೆಚ್ಚು ಕಾಯುವುದು ಸಹಜ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಥರ್ಮೊಕಪಲ್ಲಿಗೂ ಅದರದ್ದೇ ಕಿರಿಕಿರಿ ಇದೆ. ಹಳದಿ-ಕೆಂಪು ವೈರಿನ ಪ್ರೋಬಿನಲ್ಲಿ ಕೆಂಪೇ ಮೈನಸ್. ಉಲ್ಟಾ ಕೊಟ್ಟರೆ ಕಾದಷ್ಟೂ ಅಂಕಿ ಇಳಿಯುತ್ತದೆ. ವೈರ್ ಸಾಲದಿದ್ದರೆ ಮಾಮೂಲಿ ತಾಮ್ರದ ವೈರ್ ಜೋಡಿಸಬೇಡಿ, ಇಂಜಿನಿನ ಬಿಸಿಗೆ ಆ ಜೋಡಣೆಯಲ್ಲೇ ಲೆಕ್ಕ ತಪ್ಪುತ್ತದೆ. ಬಳಸುವ ಮೊದಲು ಎರಡೂ ಪ್ರೋಬನ್ನು ಕುದಿಯುವ ನೀರಿಗೆ ಅದ್ದಿ ನೋಡಿ. ಕಾರವಾರದಲ್ಲಾದರೆ 100 ತೋರಿಸಬೇಕು. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 98 ಬಂದರೆ ಮೀಟರ್ ಸರಿಯಿದೆ ಎಂದೇ ಅರ್ಥ.

ಸೈಲೆನ್ಸರ್ ಪೈಪಿಗೆ ನೀರು ಚಿಮುಕಿಸುವ ಹಳೇ ಪದ್ಧತಿ ಯಾವ ಸಿಲಿಂಡರಿನಲ್ಲಿ ಡೀಸೆಲ್ ಉರಿಯುತ್ತಿಲ್ಲ ಎಂದು ಹೇಳುತ್ತದೆ, ಅಷ್ಟೇ; ಯಾವುದು ಹೆಚ್ಚು ಕಾಯುತ್ತಿದೆ ಎಂದಲ್ಲ.

ದುಡ್ಡಿನ ಲೆಕ್ಕದಲ್ಲಿ ಗನ್ ಸಾವಿರದ ಆಸುಪಾಸು, ಮೀಟರ್ ಮತ್ತು ಪ್ರೋಬ್ ಸೇರಿ ಅದರ ದುಪ್ಪಟ್ಟಿಗಿಂತ ಸ್ವಲ್ಪ ಮೇಲೆ. ಲೋಡ್ ಎಳೆಯುವ ಗಾಡಿ ಇದ್ದವರಿಗೆ ಆ ಹೆಚ್ಚಿನ ದುಡ್ಡು ದಂಡವಲ್ಲ. ಗನ್ ಈಗಾಗಲೇ ಇದ್ದು ಈ ವರ್ಷ ಕೈ ಬಿಗಿಯಿದ್ದರೆ ಕಪ್ಪು ಪೇಂಟಿನ ಡಬ್ಬಿಯೊಂದನ್ನು ತನ್ನಿ, ಸದ್ಯಕ್ಕೆ ಸಾಕು.