ಸೊಂಟನೋವಿಗೆ ಸ್ಟೀರಾಯ್ಡ್ ಚುಚ್ಚುಮದ್ದು, ಕಟಿಬಸ್ತಿ, ವ್ಯಾಯಾಮ: ಮೂರನ್ನೂ ಮಾಡಿಸಿಕೊಂಡು ಕಂಡದ್ದು

ಪೆರ್ಲದ ಸಮೀಪ ಅಡಿಕೆ ತೋಟ ನೋಡಿಕೊಂಡಿರುವ ನನಗೆ ನಾಲ್ಕು ವರ್ಷಗಳಿಂದ ಸೊಂಟನೋವಿದೆ. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತಿರುವುದು ಎಂ.ಆರ್.ಐ.ಯಲ್ಲಿ ಕಂಡಿತ್ತು. ನೋವು ಎರಡು ಬಗೆಯದು: ಸೊಂಟದಲ್ಲೇ ಕೂತ ಬಿಗಿತ ಒಂದು, ಎಡಗಾಲಿನ ಹೊರಬದಿಯಿಂದ ಹೆಬ್ಬೆರಳಿನವರೆಗೆ ಇಳಿಯುವ ಸೆಳೆತ ಇನ್ನೊಂದು. ಈ ಭೇದವನ್ನು ಮೊದಲೇ ಅರಿತಿದ್ದರೆ ನನ್ನ ಒಂದು ಚುಚ್ಚುಮದ್ದು ಉಳಿಯುತ್ತಿತ್ತು.

ಮೊದಲು ಮಾಡಿಸಿದ್ದು ಏಳು ದಿನಗಳ ಕಟಿಬಸ್ತಿ ಎಂಬ ಆಯುರ್ವೇದ ಚಿಕಿತ್ಸೆ. ಸೊಂಟದ ಮೇಲೆ ಕಟ್ಟಿದ ಉದ್ದಿನ ಹಿಟ್ಟಿನ ಕಟ್ಟೆಯೊಳಗೆ ಬೆಚ್ಚಗಿನ ಎಣ್ಣೆ ನಿಂತಿರುವಷ್ಟು ಹೊತ್ತೂ ಹಿತವಾಗಿತ್ತು, ಸ್ನಾಯುಗಳ ಬಿಗಿತವೂ ಸಡಿಲವಾಯಿತು. ಕಾಲಿನ ಸೆಳೆತ ಮಾತ್ರ ಇದ್ದಂತೆಯೇ ಇತ್ತು.

ರಾತ್ರಿ ನಿದ್ದೆ ಕೆಟ್ಟ ಮೇಲೆ ಮಂಗಳೂರಿಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡೆ. ಹೊಟ್ಟೆಯಡಿ ದಿಂಬಿಟ್ಟು ಕವುಚಿ ಮಲಗಿಸಿ, ಎಕ್ಸ್‌ರೇ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತಾ, ನರದ ಬೇರಿನ ಬಳಿ ಮದ್ದು ಬಿಟ್ಟರು. ಆ ಕ್ಷಣ ಅದೇ ಹಳೆಯ ಸೆಳೆತ ಹೆಬ್ಬೆರಳಿನವರೆಗೆ ಮಿಂಚಿನಂತೆ ಹರಿಯಿತು. ಮೂರನೆಯ ದಿನಕ್ಕೆ ಕಾಲು ಹಗುರಾಯಿತು, ಹತ್ತು ವಾರ ಹಾಗೆಯೇ ಇತ್ತು. ಸ್ಟೀರಾಯ್ಡ್ ನರದ ಸುತ್ತಲಿನ ಉರಿಯೂತವನ್ನು ತಗ್ಗಿಸುತ್ತದೆಯೇ ಹೊರತು ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ಆದ್ದರಿಂದ ಉಪಶಮನ ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಷ್ಟೇ. ಸಕ್ಕರೆ ಕಾಯಿಲೆಯವನಾದ ನನಗೆ ರಕ್ತದ ಸಕ್ಕರೆ ಏರಬಹುದೆಂದು ಅಲ್ಲಿ ಯಾರೂ ಹೇಳಲಿಲ್ಲ. ಖಾಲಿ ಹೊಟ್ಟೆಯಲ್ಲಿ 130ರ ಆಸುಪಾಸಿನಲ್ಲಿರುತ್ತಿದ್ದದ್ದು 240 ತೋರಿಸಿದಾಗ ಮನೆಯವರೆಲ್ಲ ಗಾಬರಿಯಾದರು. ಒಂದು ವಾರದಲ್ಲಿ ಇಳಿಯಿತು. ಇದನ್ನು ಮುಂಚಿತವಾಗಿ ತಿಳಿಸುವುದು ಚಿಕಿತ್ಸೆಯ ಭಾಗವೇ ಆಗಬೇಕು.

ಎಂಟು ತಿಂಗಳ ಬಳಿಕ, ಕಾಲಿನಲ್ಲಿ ಸೆಳೆತವಿಲ್ಲದೆ ಬರೀ ಸೊಂಟ ಹಿಡಿದಿದ್ದಾಗ, ಎರಡನೆಯದನ್ನು ಹಾಕಿಸಿಕೊಂಡೆ. ಏನೇನೂ ಪ್ರಯೋಜನವಾಗಲಿಲ್ಲ. ಕಾಲಿಗಿಳಿಯದ ಸೊಂಟನೋವಿಗೆ ಇಂಥ ಚುಚ್ಚುಮದ್ದು ಬೇಡವೆಂದು ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಹೇಳಿರುವುದು ನನಗೆ ತಿಳಿದದ್ದು ಆಮೇಲೆ. ಅಪರೂಪಕ್ಕಾದರೂ ಪಾರ್ಶ್ವವಾಯು, ದೃಷ್ಟಿನಾಶದಂಥ ಅಪಾಯಗಳಿವೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿರುವಾಗ, ಫಲ ಸಿಗದ ಕಡೆ ಸೂಜಿ ಚುಚ್ಚಿಸಿಕೊಳ್ಳುವುದು ಸರಿಯಲ್ಲವೆಂದು ಈಗ ದೃಢವಾಗಿ ಅನ್ನಿಸುತ್ತದೆ.

ಬಿಗಿತಕ್ಕೆ ನಿಜವಾಗಿ ಒದಗಿದ್ದು ಕಾಸರಗೋಡಿನಲ್ಲಿ ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ. ಅದರ ಫಲ ನಿಧಾನ: ಆರು ವಾರ ಏನೂ ಗೊತ್ತಾಗಲಿಲ್ಲ, ಮೂರನೆಯ ತಿಂಗಳಲ್ಲಿ ಅಂಗಳದ ಅಡಿಕೆಯನ್ನು ಬಗ್ಗಿ ಮಗುಚಲು ಸಾಧ್ಯವಾಯಿತು. ಆದರೆ ಸೆಳೆತವಿದ್ದ ದಿನಗಳಲ್ಲಿ ಕಾಲೆತ್ತುವುದಕ್ಕೇ ಆಗದಿದ್ದವನು ನಾನು. ಮೊದಲ ಚುಚ್ಚುಮದ್ದು ಕೊಟ್ಟ ಆ ಹತ್ತು ವಾರಗಳಲ್ಲೇ ವ್ಯಾಯಾಮ ಶುರುಮಾಡಬೇಕಿತ್ತು. ನಾನು ಆ ದಿನಗಳನ್ನು ಗೊಬ್ಬರದ ಮೂಟೆ ಹೊರುವುದರಲ್ಲಿ ಕಳೆದೆ.